ಚಿತ್ರದೊಳಗಿನ ಬೆಟ್ಟ

ಕೊಸ್ತ್ರೊಮಾ
ಜೂನ್ 9, 1964

ನನ್ನ ಮುದ್ದು ಲೀದಾ,

ನಿನ್ನೆ ನಿನ್ನಪ್ಪ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡ. ಪಕ್ಕದ ಮನೆಯ ಝೀನಾ ನಿಮ್ಮ ಸರಾತೊವ್‌ಗೆ ಹೊರಟಿದ್ದಾಳೆ. ಇದನ್ನು ಅಂಚೆಗೆ ಹಾಕದೆ ಅವಳ ಕೈಯಲ್ಲೇ ಕಳಿಸುತ್ತೇನೆ. ಓದಿದ ಮೇಲೆ ಒಲೆಗೆ ಹಾಕು.

ಸಮಾಧಿಯ ಮೇಲೆ ಹುಟ್ಟೂರಿನ ಒಂದು ಹಿಡಿ ಮಣ್ಣು ಬೀಳಲೇಬೇಕೆಂದು ನಾನು ಹಟ ಹಿಡಿದದ್ದು ನಿನಗೆ ಗೊತ್ತು. ಝೀನಾಳ ಅತ್ತೆ ಸ್ತೆಪಾನೀದಾ ಅಪ್ಪನ ಊರೇ ಆದ, ಉತ್ತರದ ಅರ್ಖಾಂಗೆಲ್ಸ್ಕಿನವರು. ಇಲ್ಲಿಗೆ ಬರುವಾಗ ಊರ ಹಿಂದಿನ ಬೆಟ್ಟದಿಂದ ಮಣ್ಣು ತನ್ನಿ ಎಂದು ಹೇಳಿಕಳಿಸಿದ್ದೆ. ಅಪ್ಪ ಚಿಕ್ಕಂದಿನಲ್ಲಿ ಜಾರುಬಂಡಿಯಲ್ಲಿ ಇಳಿದು ಹಲ್ಲು ಮುರಿದುಕೊಂಡ ಬೆಟ್ಟ.

ನಿನ್ನೆ ಊಟಕ್ಕೆ ಬಂದ ಸ್ತೆಪಾನೀದಾ ಕರವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟು ನಕ್ಕರು. "ಎಲ್ಲಿಯ ಬೆಟ್ಟ ತಾಯಿ? ನಮ್ಮೂರು ರೊಟ್ಟಿ ಲಟ್ಟಿಸೋ ಮಣೆ ಇದ್ದ ಹಾಗಿದೆ. ಬೆಕ್ಕು ಜಾರೋಕೂ ಇಳಿಜಾರಿಲ್ಲ! ನದಿ ದಂಡೇದು ತಂದಿದೀನಿ, ನೋಡಿ."

ವಯಸ್ಸಾಗಿದೆ, ಮರೆತಿದ್ದಾರೆ ಎಂದುಕೊಂಡೆ. ಬೀರುವಿನಿಂದ ಅಪ್ಪನ ತಗಡಿನ ಡಬ್ಬಿ ತೆಗೆದೆ. ತ್ಸಾರ್ ದೊರೆಗಳ ಕಾಲದ ಚಿತ್ರದ ಕಾರ್ಡುಗಳು, ಪ್ರಾಂತ್ಯಕ್ಕೊಂದು. ನೀನು ಅಕ್ಷರ ಕಲಿತದ್ದು ಅವುಗಳಲ್ಲೇ. ಅರ್ಖಾಂಗೆಲ್ಸ್ಕಿನ ಕಾರ್ಡು ಹುಡುಕಿ ಅವರ ಮುಂದೆ ಹಿಡಿದೆ. ಹಿಂದೆ ಬೆಟ್ಟ, ಮುಂದೆ ಊರು.

ಅವರು ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಇದನ್ನ ಬರೆದೋನು ನಮ್ಮೂರನ್ನ ಕನಸಲ್ಲೂ ಕಂಡಿಲ್ಲ. ಚೆಂದ ಕಾಣ್ಲಿ ಅಂತ ಬೆಟ್ಟ ನಿಲ್ಲಿಸಿದಾನೆ ಕಳ್ಳ! ಅದ್ಸರಿ, ನಿಮ್ಮ ಯಜಮಾನ್ರು ಯಾವ ಬೀದಿಯವ್ರು?"

ನನಗೆ ಗೊತ್ತಿರಲಿಲ್ಲ ಲೀದಾ. ಇಷ್ಟು ವರ್ಷದಲ್ಲಿ ಅಪ್ಪ ಒಂದು ಬೀದಿಯ ಹೆಸರನ್ನೂ ಹೇಳಿರಲಿಲ್ಲ. ಝೀನಾ ನನ್ನ ಮುಖ ನೋಡಿ, "ಅತ್ತೆ, ಗಂಜಿ ಆರ್ತಿದೆ, ಬಾಯಿಗೆ ಅದನ್ನ ಹಾಕ್ಕೊಳಿ" ಎಂದು ಗದರಿಸಿದಳು.

ಎಲ್ಲರೂ ಹೋದ ಮೇಲೆ ಕಾರ್ಡು ಹಿಡಿದು ಕುಳಿತೆ. ಅಪ್ಪ ಹೇಳುತ್ತಿದ್ದ ನಿನ್ನಜ್ಜನ ನೀಲಿ ದೋಣಿ ಅಲ್ಲಿತ್ತು. ನಿನ್ನಜ್ಜಿ ಹಬ್ಬಕ್ಕೆ ತಲೆಗೆ ಕಟ್ಟುತ್ತಿದ್ದ ಮುತ್ತಿನ ಪಟ್ಟಿ, ಅವರು ಬಾಲ ಹಿಡಿದು ಎಳೆತಂದ ಆಳೆತ್ತರದ ಮೀನು, ಎಲ್ಲವೂ ಅಲ್ಲಿದ್ದವು. ಅವರು ನಮಗೆ ಹೇಳಿದ ಬಾಲ್ಯವೆಲ್ಲ ಆ ಕಾರ್ಡಿನ ಅಂಚಿನೊಳಗೇ ಇತ್ತು. ಅಂಚಿನಾಚೆಯದು ಒಂದೂ ನೆನಪಾಗಲಿಲ್ಲ. ಯುದ್ಧದ ನಡುವೆ ನನ್ನನ್ನು ಮದುವೆಯಾದಾಗ ಅವರ ಬಳಿ ಇದ್ದದ್ದು ಒಂದು ಕೋಟು ಮತ್ತು ಆ ಡಬ್ಬಿ. ಕಾಗದಪತ್ರ ಸುಟ್ಟುಹೋದವು ಎಂದಿದ್ದರು. ನಿಮ್ಮ ಮಾತೇಕೆ ಹೀಗೆ ಎಂದು ಯಾರಾದರೂ ಕೇಳಿದರೆ, "ಉತ್ತರದೋನಪ್ಪಾ, ನಾಲಿಗೆ ಹೆಪ್ಪುಗಟ್ಟಿದೆ" ಎಂದು ನಗಿಸುತ್ತಿದ್ದರು.

ಕೋಟು ಇನ್ನೂ ಮೊಳೆಗೆ ನೇತಾಡುತ್ತಿದೆ. ನಿನ್ನೆಯಿಂದ ಅದನ್ನು ಮುಟ್ಟಲಾಗಿಲ್ಲ. ಗುರುತಿಲ್ಲದ ಯಾರೋ ಬಿಟ್ಟುಹೋದ ಹಾಗಿದೆ. ಆದರೂ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ಅವರೇ.

ಸ್ತೆಪಾನೀದಾ ತಂದ ಮಣ್ಣು ಗಂಟಿನಲ್ಲೇ ಇದೆ. ಅಪ್ಪನದಲ್ಲದ ಮಣ್ಣನ್ನು ಅವರ ಮೇಲೆ ಹೇಗೆ ಹಾಕಲಿ?

ನಿನ್ನ
ಅಮ್ಮ

ತಾ.ಕ.: ಕೊನೆಯ ಜ್ವರದಲ್ಲಿ ಅಪ್ಪ ಬಡಬಡಿಸಿದ್ದು ಒಂದೂ ಅರ್ಥವಾಗಲಿಲ್ಲ ಎಂದು ಬರೆದಿದ್ದೆ. ಒಂದು ಮಾತು ಅರ್ಥವಾಗಿತ್ತು. ಯುದ್ಧ ಮುಗಿದ ಮೇಲೆ ನಮ್ಮ ಬೀದಿಯಲ್ಲಿ ಮನೆ ಕಟ್ಟಿದ ಜರ್ಮನ್ ಕೈದಿಗಳು, ಕಾಯಿಲೆ ಬಿದ್ದಾಗ, ತಾಯಿಯನ್ನು ಅದೇ ಮಾತಿನಿಂದ ಕರೆಯುತ್ತಿದ್ದರು. ನಿಮ್ಮ ಸರಾತೊವ್‌ನ ಎದುರು ದಡದಲ್ಲಿ ನಮ್ಮ ದೇಶದವರೇ ಆದ ಜರ್ಮನರ ಹಳ್ಳಿಗಳಿದ್ದವಲ್ಲ, ಯುದ್ಧದಲ್ಲಿ ಶತ್ರುಗಳ ಕಡೆಯವರೆಂದು ಎಲ್ಲರನ್ನೂ ದೂರ ಅಟ್ಟಿ ಖಾಲಿ ಮಾಡಿಸಿದಂಥವು? ಬರುವಾಗ ಅಲ್ಲಿಂದ ಒಂದು ಹಿಡಿ ಮಣ್ಣು ತಾ. ಯಾವ ಹಳ್ಳಿಯದಾದರೂ ಸರಿ. ಯಾರಾದರೂ ಕೇಳಿದರೆ ಹೂಕುಂಡಕ್ಕೆ ಎನ್ನು.