ಬೀಜದ ಕೋಣೆಯ ಲಾಗ್ ಲೆಕ್ಕ

ಇಳಿತದ ಇನ್ನೂರ ಹನ್ನೊಂದನೇ ವರ್ಷ, ಗಾಳಿಯಿಲ್ಲದ ತಿಂಗಳ ಮೂರನೇ ದಿನ

ಇನ್ನೂ ಹುಟ್ಟದ ನನ್ನ ಮರಿಮಕ್ಕಳೇ, ಅವರ ಮಕ್ಕಳೇ,

ನನ್ನ ಮಾತು ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನೀವು ಬಿಸಿಲಲ್ಲಿ ಕೂತು ಓದುತ್ತಿರಬಹುದು. ನಾನು ಹಳೆಯ ಚಿನ್ನದ ಗಣಿಯ ತಳದಲ್ಲಿ ಬರೆಯುತ್ತಿದ್ದೇನೆ. ಮೇಲೆ ನೆಲ ಸುಡತೊಡಗಿದಾಗ ಹಿರಿಯರು ಇಲ್ಲಿಗೆ ಬಂದರು, ಅದನ್ನೇ ಇಳಿತ ಅನ್ನುತ್ತೇವೆ. ಬಂಡೆಯೊಳಗಿನ ವಿಷಗಾಳಿಗೆ ಮುಸುಕು ಎಂದು ಹೆಸರು.

ನಿನ್ನೆ ಜೋಳದ ಬೀಜ ಆರಿಸಲು ಈ ಕೋಣೆಗೆ ಬಂದೆ. ಹಿಂದೆಯೇ ಸುರಂಗದಲ್ಲಿ ಮುಸುಕು ತುಂಬಿ, ಎರಡೂ ತುದಿಯ ಬಾಗಿಲು ಮುಚ್ಚಿಕೊಂಡವು. ಈಚೆ ನಾನೊಬ್ಬಳು, ಆಚೆ ಇನ್ನೂರು ಜನ. ಅವಸರಪಟ್ಟು ತೆಗೆದರೆ ಅಷ್ಟೂ ಜನ ಹೋಗುತ್ತಾರೆ.

ಬೆಳಿಗ್ಗೆ ಒಣಗಿದ ನೀರಿನ ಕೊಳವೆಯ ಮೇಲೆ ಎರಡು ಬಡಿತ ಕೇಳಿತು. ಎಷ್ಟು ಬಡಿತವೋ ಅಷ್ಟು ದಿನಕ್ಕೆ ಬಾಗಿಲು ತೆಗೆಯುತ್ತಾರೆ ಎಂದರ್ಥ. ಎರಡೇ ದಿನ! ಹುಚ್ಚಿಯ ಹಾಗೆ ನಕ್ಕೆ. ಆಮೇಲೆ ಗೋಡೆಯ ಮೇಲೆ ಲೆಕ್ಕ ಹಾಕಿದೆ. ನೀವೂ ಹಾಕಿ.

ಮುಸುಕು ಈಗ ನೂರು ಪಾಲು. ಐದಕ್ಕಿಳಿದರೆ ಉಸಿರಾಡಬಹುದು. ಸುರಂಗದ ಪಂಖ ದಿನಕ್ಕೆ, ಆವತ್ತು ಇದ್ದುದರಲ್ಲಿ ಐದರಲ್ಲೊಂದು ಪಾಲು ಹೊರಗೆಳೆಯುತ್ತದೆ, ಉಳಿಯುವುದು 0.8. ಹಾಗಾದರೆ 0.8ನ್ನು ಎಷ್ಟು ಸಲ ಗುಣಿಸಿದರೆ 0.05? ಆ ಎಷ್ಟನ್ನು 'ದಿ' ಅನ್ನೋಣ. ಎರಡೂ ಕಡೆ ಲಾಗ್ ತೆಗೆದರೆ ಮೇಲೆ ಕೂತ 'ದಿ' ಕೆಳಗಿಳಿಯುತ್ತದೆ: ದಿ × ಲಾಗ್ 0.8 = ಲಾಗ್ 0.05. ಲಾಗ್ ಕೋಷ್ಟಕದಲ್ಲಿ ಮೊದಲನೆಯದು 1.9031, ಎರಡನೆಯದು 2.6990, ಒಂದರ ಮೇಲೂ ಎರಡರ ಮೇಲೂ ಗೆರೆ. ಗೆರೆ ಇರುವ ಅಂಕಿ ಮಾತ್ರ ಋಣ, ಚುಕ್ಕಿಯಾಚೆಯದು ಧನ. ಆದ್ದರಿಂದ −0.0969 ಮತ್ತು −1.3010. ಭಾಗಿಸಿದರೆ 13.43.

ನನ್ನ ಮಗ ಯಂಕೋಬ ಇಡೀ ಸಂಖ್ಯೆಯನ್ನೇ ಋಣ ಮಾಡಿ ಭಾಗಿಸಿದ್ದಾನೆ. ಅವನಿಗೆ ಒಂದೂವರೆಯ ಹತ್ತಿರ ಬಂದಿದೆ, ಎರಡು ಅಂದಿದ್ದಾನೆ. ಕಲಿಸುವಾಗಲೂ ಹಾಗೇ: "ಅವ್ವಾ, ಗೆರೆ ಆಮೇಲೆ, ಉತ್ತರ ಮೊದಲು ಹೇಳು." ಬೈಯಬೇಡಿ. ಹೆತ್ತವಳು ಒಳಗಿರುವಾಗ ಗೆರೆ ಯಾರ ಕಣ್ಣಿಗೆ ಬೀಳುತ್ತದೆ?

ಬಂದ ಉತ್ತರವನ್ನು ಮತ್ತೆ ಒಳಗಿಟ್ಟು ತಾಳೆ ನೋಡಬೇಕು. ಎರಡು ದಿನಕ್ಕೆ ಅರವತ್ತನಾಲ್ಕು ಪಾಲು ಉಳಿಯುತ್ತದೆ, ಸಾವು. ಹದಿಮೂರಕ್ಕೆ ಐದೂವರೆ, ಇನ್ನೂ ಸಲ್ಲದು. ಹದಿನಾಲ್ಕಕ್ಕೆ ನಾಲ್ಕೂವರೆಗೂ ಕಡಿಮೆ.

ಬೇಡ ಎಂದು ಬಡಿಯಲು ಕಲ್ಲೆತ್ತಿದ್ದೆ. ಅಷ್ಟರಲ್ಲಿ ಆಚೆಯಿಂದ ಮತ್ತೆ ಬಡಿತ ಶುರುವಾಯಿತು, ನಿಧಾನ, ಒಂದೊಂದಾಗಿ, ಹದಿನಾಲ್ಕು. ಅದು ಯಂಕೋಬನ ಮಗಳು ಹುಲಿಗೆಮ್ಮನ ಕೈ. ಅಪ್ಪನ ಲೆಕ್ಕವನ್ನು ತಾಳೆ ನೋಡಿದ್ದಾಳೆ. ನಾನೂ ತಿರುಗಿ ಹದಿನಾಲ್ಕು ಬಡಿದೆ.

ಹುಲಿಗೆಮ್ಮ ನಿಮ್ಮ ಮೂಲದ ತಾಯಿ. ಅಜ್ಜಿಯನ್ನು ಕಲ್ಲೊಳಗೆ ಬಿಟ್ಟು ಕೊಂದವಳು ಎಂದು ಯಾರಾದರೂ ಆಡಿಕೊಂಡರೆ ಜಗಳಕ್ಕೆ ಹೋಗಬೇಡಿ. ಕೂರಿಸಿ, ಈ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿ. ಅವಳೇ ಹಾಗಂದುಕೊಂಡು ಕೊರಗಿದರೆ, ಅಜ್ಜಿಗೂ ಅದೇ ಉತ್ತರ ಬಂದಿತ್ತು ಎಂದು ಹೇಳಿ.

ಇಲ್ಲಿರುವುದು ಒಂದು ಕೊಡ ನೀರು, ಆರು ದಿನಕ್ಕೆ ಆದೀತು. ತುಂಬಿಟ್ಟವಳು ಅವಳೇ. ಬಡಿಯುವಾಗ ಅವಳಿಗೆ ಅದು ಗೊತ್ತಿತ್ತು.

ನಿಮ್ಮ
ಗದ್ದೆವ್ವ