ನೆಲಮಟ್ಟದಲ್ಲಿ ಕೊಳೆತ ಕಂಬ

ಪ್ರೀತಿಯ ಗುಬ್ಬಿ,

ನನ್ನ ಜೊತೆ ನೀನು ಮಾತು ಬಿಟ್ಟು ಎರಡು ವರ್ಷವಾಯಿತು. ಈ ಕಾಗದ ಹರಿಯಬೇಕು ಅನ್ನಿಸಿದರೆ ಓದಿಯಾದ ಮೇಲೆ ಹರಿ.

ಹೊಲದ ಬೇಲಿ ಬದಲಿಸೋಣವೆಂದು ಹಳೆಯ ಕಂಬ ಕೀಳುತ್ತಿದ್ದೇನೆ. ಅವನ್ನು ಆರಿಸಿದ ದಿನ ಮರದ ಮಿಲ್ಲಿನ ಅಂಗಳದಲ್ಲಿ ನಾನು ದಪ್ಪ ದಪ್ಪ ಕಂಬಗಳ ಮೇಲೆ ಕೈಯಾಡಿಸುತ್ತಾ ಬೀಗುತ್ತಿದ್ದೆ. ನೀನು ಮಂಡಿಯೂರಿ ಅವುಗಳ ಕೊಯ್ದ ತುದಿ ನೋಡುತ್ತಿದ್ದೆ. "ಅಣ್ಣಾ, ಇದರಲ್ಲಿ ಒಳಗಿನ ಗಟ್ಟಿ ಚೇಗು ಹೆಬ್ಬೆರಳಿನಷ್ಟೂ ಇಲ್ಲ, ಸುತ್ತ ಎಲ್ಲಾ ಬಿಳಿ ಮರ. ಮಣ್ಣು ತಿಂದುಬಿಡುತ್ತೆ. ಆ ಸಣ್ಣವು ನೋಡು, ಒಳಗೆಲ್ಲಾ ಕಪ್ಪಗೆ ಗಟ್ಟಿಯಾಗಿವೆ" ಅಂದೆ. ಮಿಲ್ಲಿನವನ ಎದುರು ತಂಗಿ ತಿದ್ದಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. "ನಿಂಗೇನು ಗೊತ್ತು, ಸುಮ್ನಿರು" ಅಂದುಬಿಟ್ಟೆ. ಅದೂ ಸಾಲದೆಂದು ಆ ದಪ್ಪ ಕಂಬಗಳನ್ನೇ ತಂದು, ಹಸಿಯಿರುವಾಗಲೇ ಬುಡಕ್ಕೆ ಡಾಂಬರು ಬಳಿದೆ. ಹೊರಗಿನ ನೀರು ಒಳಗೆ ಹೋಗದು ಎಂದು ನನ್ನ ಎಣಿಕೆ. ಒಳಗಿನ ನೀರಿಗೂ ಹೊರಬರಲು ದಾರಿಯಿಲ್ಲವೆಂದು ಈ ಮಹಾಬುದ್ಧಿವಂತನಿಗೆ ಹೊಳೆಯಲಿಲ್ಲ.

ಮೊನ್ನೆ ಮೂಲೆಯ ಕಂಬಕ್ಕೆ ಕೈಯಿಟ್ಟೆ, ತೂಗಾಡಿತು. ನೆಲಮಟ್ಟದಲ್ಲಿ ಕೊಳೆತು ಎರಡು ತುಂಡಾಗಿದೆ. ತಂತಿಗೆ ಜೋತುಬಿದ್ದು ನೆಟ್ಟಗಿರುವ ನಾಟಕವಾಡುತ್ತಿತ್ತು ಅಷ್ಟೇ. ತಳ್ಳಿದರೆ ವಾಲಿ ದಾರಿ ಬಿಡುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಹುಲ್ಲಿನ ಅಡಿಯಲ್ಲಿ, ಕೆಳಗಿನ ತಂತಿಯ ಮುಳ್ಳಿಗೆ ಒಂದು ನೀಲಿ ಹಗ್ಗ ಸಿಕ್ಕಿಕೊಂಡಿತ್ತು. ನೀನು ಹೆಣೆದು ಕರುವಿನ ಕೊರಳಿಗೆ ಕಟ್ಟಿದ್ದ ಹಗ್ಗ.

ಅಲ್ಲೇ ಕುಳಿತುಬಿಟ್ಟೆ ಕಣೇ.

ಕರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಬೆಳಿಗ್ಗೆ ನಾವೆಲ್ಲ ಹೊಲದ ಗೇಟಿನಿಂದಲೇ ಓಡಿದೆವು. ಅದು ಮೊದಲೇ ತೆರೆದಿತ್ತೋ, ನಾವೇ ತೆರೆದೆವೋ ಯಾರೂ ನೋಡಲಿಲ್ಲ. ಹಿಂದಿನ ಸಂಜೆ ಹೊಲದಿಂದ ಕೊನೆಗೆ ಬಂದವಳು ನೀನು, ನನಗೆ ಅಷ್ಟೇ ಸಾಕಾಯಿತು. ತಾಯಿಯಿಲ್ಲದ ಅದನ್ನು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದವಳಿಗೇ "ಚಿಲಕ ಹಾಕದೆ ಬಂದು ನೀನೇ ಕೊಂದೆ" ಎಂದು ಎಲ್ಲರೆದುರು ಕೂಗಾಡಿದೆ. "ಹಾಕಿದ್ದೆ ಅಣ್ಣ" ಅಂದೆ ನೀನು. ಎರಡನೇ ಸಲ ಕೇಳಿದಾಗ "ಹಾಕಿದ್ದೆ ಅನ್ಸುತ್ತೆ" ಅಂದೆ. ಮೂರನೇ ಸಲ ನೀನೇ ಹೋಗಿ ಆ ಚಿಲಕ ಮುಟ್ಟಿ ನೋಡಿದೆ. ಅದೇ ವಾರ ಚಿಕ್ಕಮ್ಮನ ಮನೆಗೆ ಹೊರಟುಹೋದೆ. ಈಗಲೂ ಮಲಗುವ ಮೊದಲು ನಾಲ್ಕೈದು ಸಲ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತೀಯಂತೆ, ಚಿಕ್ಕಮ್ಮ ಹೇಳಿದರು. ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡೆ.

ಅಮ್ಮನಿಗೆ ಹಗ್ಗ ತೋರಿಸಿ, ಕರು ನುಸುಳಿದ್ದು ಗೇಟಿನಿಂದಲ್ಲ, ಆ ಕಂಬದ ಬಳಿಯಿಂದ ಎಂದು ಹೇಳಿದೆ. ಹಗ್ಗವನ್ನು ನನ್ನ ಕೈಗೇ ವಾಪಸ್ ಇಟ್ಟು, "ನಂಗ್ಯಾಕೋ ಹೇಳ್ತೀಯ? ಅವಳಿಗೆ ಹೇಳು" ಅಂದಳು.

ನಿನ್ನೆ ಮಿಲ್ಲಿಗೆ ಹೋಗಿ ನಿನ್ನ ಹಾಗೇ ಮಂಡಿಯೂರಿ ಒಂದೊಂದರ ತುದಿ ನೋಡಿದೆ. ಸಣ್ಣ, ಸೊಟ್ಟ, ಚೇಗು ತುಂಬಿದ ಕಂಬಗಳನ್ನೇ ಆರಿಸಿದೆ. "ಏನ್ ಸ್ವಾಮಿ, ಈ ಸಲ ತಂಗಿ ಬುದ್ಧಿ ಎರವಲು ತಂದ್ರಾ?" ಎಂದು ಮಿಲ್ಲಿನವನು ನಕ್ಕ. ಹೂಂ ಅಂದೆ. ಈಗ ಕೊಟ್ಟಿಗೆಯ ನೆರಳಲ್ಲಿ ಒಣಗುತ್ತಿವೆ.

ವಾಪಸ್ ಬಾ ಅನ್ನಲು ನನಗೆ ಮುಖವಿಲ್ಲ. ಕ್ಷಮಿಸು ಎಂದು ಕೇಳುತ್ತೇನೆ, ಒತ್ತಾಯಿಸುವುದಿಲ್ಲ. ಇವತ್ತು ಮಾತ್ರ ಚಿಲಕವನ್ನು ಒಂದೇ ಸಲ ಹಾಕಿ ಮಲಗು ಗುಬ್ಬಿ. ಅವತ್ತು ನೀನು ಹಾಕಿದ್ದೆ.

ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ ಮೊಂಡ ಅಣ್ಣ