ಏಳನೆಯ ಚೌಕ

ಹಳಿಯಾಳ
ಸಣ್ಣ ತಿಂಗಳ ಮೂರನೇ ದಿನ, 2171

ರೆಜಿನಾ,

ನಾನು ನಿನ್ನ ಮರಿಮಗಳ ಮಗಳು, ಸೆವೆರಿನಾ ಸಿದ್ದಿ. ನಿನ್ನನ್ನು ಅಜ್ಜಿ ಎಂದೇ ಕರೆಯಬೇಕು. ಆದರೆ ಈ ಪತ್ರ ಹದಿಮೂರು ವರ್ಷದ ಹುಡುಗಿಗೆ, ಬರೆಯುತ್ತಿರುವ ನನಗೆ ನಲವತ್ತೇಳು. ಹೆಸರು ಹಿಡಿದು ಕರೆದರೆ ಕ್ಷಮಿಸು. ಸಣ್ಣ ತಿಂಗಳೆಂದರೆ ವರ್ಷದ ಕೊನೆಗೆ ಉಳಿಯುವ ಐದು ದಿನ. ನಿನ್ನ ಕ್ಯಾಲೆಂಡರಿನಲ್ಲಿ ಅದಿಲ್ಲ. ನನ್ನ ಮಾತೂ ನಿನಗೆ ಅಪರಿಚಿತ ಅನಿಸಬಹುದು. ಅನುವಾದವಾದ ಕಾದಂಬರಿಗಳನ್ನು ಓದಿಕೊಂಡು ಬೆಳೆದವಳು ನಾನು. ಅವುಗಳ ಎಚ್ಚರದ ನಡಿಗೆ ನನ್ನ ಬರವಣಿಗೆಗೂ ಬಂದಿದೆ.

ಒಸಾಕಾದ ಒಂದು ಸ್ಟುಡಿಯೋ ಮತ್ತು ಹಳಿಯಾಳದ ನಮ್ಮ ಸ್ಟುಡಿಯೋ ಸೇರಿ ಆನಿಮೆ, ಅಂದರೆ ಜಪಾನಿ ಶೈಲಿಯ ಕಾರ್ಟೂನು, ಮಾಡುತ್ತೇವೆ. ಅಲ್ಲಿಂದ ಗೆರೆಯ ಚಿತ್ರ ಬರುತ್ತದೆ, ಇಲ್ಲಿಂದ ಬಣ್ಣ ಹೋಗುತ್ತದೆ. ಬಣ್ಣ ಗೊತ್ತುಮಾಡುವುದು ನನ್ನ ಕೆಲಸ. ನಮ್ಮಲ್ಲಿ 'ಎದುರುಕೂಟ' ಎಂಬ ಪದ್ಧತಿಯಿದೆ: ಯಾವುದೇ ಪಾತ್ರದ ಮುಖ ಬರೆಯುವ ಮೊದಲು ಒಬ್ಬ ನಿಜವಾದ ಮನುಷ್ಯ ಮೂರು ದಿನ ಕಿಟಕಿಯ ಬಳಿ ಕೂರಬೇಕು, ನಾವು ಬೆಳಗು, ಮಧ್ಯಾಹ್ನ, ಸಂಜೆಯ ಬೆಳಕಿನಲ್ಲಿ ಅವರ ಬಣ್ಣ ಗುರುತಿಸಬೇಕು. ಆ ಮನುಷ್ಯ ಬದುಕಿಲ್ಲದಿದ್ದರೆ ಅವರಿಗೊಂದು ಪತ್ರ ಬರೆದು, ಒಪ್ಪಿಗೆ ಕೇಳಿ, ಬಣ್ಣದ ಪಟ್ಟಿಯ ಜೊತೆ ಇಡಬೇಕು. ಇದು ಆ ಪತ್ರ. ನಮ್ಮ ಹೊಸ ಸರಣಿಯ ನಾಯಕಿ ನೀನು.

ಹದಿಮೂರರಲ್ಲಿ ನೀನು ಬರೆದ ಚಿತ್ರದ ನೋಟ್‌ಬುಕ್ ನಮ್ಮ ಮನೆಯಲ್ಲಿ ಉಳಿದುಬಂದಿದೆ. ಮೂವತ್ತೆಂಟು ಪುಟ. ಮೊದಲ ಮೂವತ್ತೇಳು ಪುಟಗಳಲ್ಲಿ ನೀನು ಶಾಲೆಯ ಹಾಸ್ಟೆಲ್ಲಿನ ಟಿವಿಯಲ್ಲಿ ಕಂಡ ಜಪಾನಿ ಹುಡುಗಿಯರಿದ್ದಾರೆ: ದೊಡ್ಡ ಕಣ್ಣು, ಚೂಪು ಗದ್ದ, ಗಾಳಿಗೆ ಹಾರುವ ನೇರ ಕೂದಲು. ಕೂದಲಿಗೆ ನೀಲಿ, ಗುಲಾಬಿ, ಹಸಿರು. ಮೈಗೆ ಮಾತ್ರ ಏನೂ ಇಲ್ಲ. ಬರಿ ಕಾಗದವೇ ಅವರ ಚರ್ಮ. ಒಸಾಕಾದ ಹಿರಿಯ ಗೆರೆಗಾರ್ತಿ ಇಸೊನೊ ಒಮ್ಮೆ ಬರೆದಿದ್ದಳು, ತನ್ನ ಮುತ್ತಜ್ಜಂದಿರಿಗೆ ಆ ಬಿಳಿ ಮುಖ ತಮ್ಮದೇ ಮುಖವಾಗಿ ಕಾಣುತ್ತಿತ್ತು ಎಂದು. ನಾನು ನಂಬುತ್ತೇನೆ. ಆದರೆ ಅದೇ ಮುಖ ಕಡಲು ದಾಟಿ ನಿನ್ನ ಹಾಸ್ಟೆಲ್ಲಿಗೆ ಬಂದಾಗ ಚೆಂದ ಎಂದರೆ ಇಷ್ಟೇ ಎಂದಿತು. ನಿನ್ನಂಥ ಮೈಬಣ್ಣದವರು ಆ ಕಥೆಗಳಿಗೆ ಬಂದದ್ದೇ ಕಡಿಮೆ. ಬಂದಾಗಲೂ ಬಹುಪಾಲು ದಪ್ಪ ತುಟಿಯ ನಗೆಪಾತ್ರವಾಗಿ, ಇಲ್ಲವೇ ಮಾತಾಡದ ಬಂಟನಾಗಿ.

ಮೂವತ್ತೆಂಟನೇ ಪುಟದಲ್ಲಿ ನೀನಿದ್ದೀಯ. ಗುಂಗುರು ಕೂದಲನ್ನು ಒಂದೊಂದೇ ಸುರುಳಿಯಾಗಿ ಬರೆದಿದ್ದೀಯ, ಯೂನಿಫಾರ್ಮಿಗೆ ನೀಲಿ ತುಂಬಿದ್ದೀಯ. ಮುಖ ಮಾತ್ರ ಖಾಲಿ.

ನಮ್ಮ ಕಷ್ಟ ಅಲ್ಲೇ. ಆ ವಯಸ್ಸಿನ ನಿನ್ನ ಫೋಟೊಗಳು ಹನ್ನೊಂದಿವೆ, ಹನ್ನೊಂದರಲ್ಲೂ ಆ ಕಾಲದ ಫೋನು ಕೇಳದೆಯೇ ನಿನ್ನನ್ನು ಬೆಳ್ಳಗೆ ಮಾಡಿದೆ. ನಾಳೆ ಬಣ್ಣ ಒಸಾಕಾಕ್ಕೆ ಹೋಗಬೇಕು. ತಪ್ಪು ಬಣ್ಣ ಹೋದರೆ ನೀನು ಇನ್ನೊಮ್ಮೆ ಬೇರೆ ಯಾರೋ ಆಗುತ್ತೀಯ. ನಿನ್ನನ್ನು ಕಣ್ಣಾರೆ ಕಂಡವರು ಇಬ್ಬರೇ ಉಳಿದಿದ್ದಾರೆ, ನಿನ್ನ ಮರಿಮಕ್ಕಳಾದ ಜುಲಿಯಾನ ದೊಡ್ಡಮ್ಮ ಮತ್ತು ಅವರ ತಮ್ಮ ಬಸ್ತಾಂವ್ ಮಾಮ. ಇಬ್ಬರನ್ನೂ ಕಿಟಕಿಯ ಬಳಿ ಕೂರಿಸಿದೆ. ಮಾಮ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು.

"ಅಜ್ಜಿ ಬಣ್ಣ ನನಗs ಬಂದದ್ದು. ಇದನ್ನ ಬರಕೋ."

"ನಿನಗ?" ಎಂದರು ದೊಡ್ಡಮ್ಮ. "ಬಿಸಿಲಾಗ ತಿರುಗಿ ಕಪ್ಪಾದಾಂವ ನೀ. ಅಜ್ಜಿ ಹುಟ್ಟಿದ್ದs ಹಂಗ. ಸುಮ್ನ ಕೂಡು."

"ನಿನಗಿಂತ ನಾನs ಕಪ್ಪದೇನಿ, ಅಕ್ಕಾ. ಕನ್ನಡಿ ತರಸ್ಲೇನು?"

"ತರಸು, ತರಸು. ಅದ್ರ ಮುಂದ ನೀನs ಬೆಳ್ಳಗ ಕಾಣ್ತಿ."

ಒಂದು ಗಂಟೆ ಹೀಗೇ ನಡೆಯಿತು. ನಿನ್ನ ಕಾಲದಲ್ಲಿ ಮದುವೆಗೆ ಹೆಣ್ಣು ನೋಡುವಾಗ ಜನ ಬಿಳುಪಿಗಾಗಿ ಚೌಕಾಸಿ ಮಾಡುತ್ತಿದ್ದರೆಂದು ಓದಿದ್ದೇನೆ. ಇವರಿಬ್ಬರ ಜಗಳ ನಿನಗೆ ಕೇಳಿಸಬೇಕಿತ್ತು.

ಅವರು ಹೋದ ಮೇಲೆ ನೋಟ್‌ಬುಕ್ ಮುಚ್ಚಲು ಹೋಗಿ ಕೊನೆಯ ಪುಟದ ಹಿಂಬದಿ ನೋಡಿದೆ. ಮೂಲೆಯಲ್ಲಿ ಉಗುರಿನಷ್ಟು ಅಗಲದ ಏಳು ಚೌಕಗಳಿದ್ದವು. ಮೊದಲನೆಯದು ಬರಿ ಕಂದು. ಎರಡನೆಯದು ಅದೇ ಕಂದು, ಒತ್ತಿ ಹಚ್ಚಿದ್ದು. ಮೂರು, ನಾಲ್ಕು, ಐದರಲ್ಲಿ ಕಪ್ಪು ಬೆರೆಸಿದ್ದೀಯ. ಮೂರೂ ಬೂದಿ ಮೆತ್ತಿದಂತಾಗಿವೆ. ಕೆಲಸಕ್ಕೆ ಸೇರಿದ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಆರರಲ್ಲಿ ಕೆಳಗೆ ಕೆಂಪು. ಏಳರಲ್ಲಿ ಕೆಂಪು, ಅದರ ಮೇಲೆ ಕಂದು, ಎಲ್ಲದರ ಮೇಲೆ ತೆಳ್ಳಗೆ ನೀಲಿ. ಮೊದಲ ಆರಕ್ಕೂ ಕಾಟು ಹಾಕಿದ್ದೀಯ. ಏಳನೆಯದಕ್ಕೆ ಹಾಕಿಲ್ಲ.

ದೊಡ್ಡಮ್ಮನನ್ನು ಮತ್ತೆ ಕರೆಸಿ ತೋರಿಸಿದೆ. ಅವರು ಚೌಕದ ಮೇಲೆ ಬೆರಳಿಟ್ಟರು. ಆಮೇಲೆ, "ಹೂಂ, ಇದು ಅಜ್ಜಿನs," ಎಂದರು, ಅಷ್ಟೇ.

ಹಾಗಾದರೆ ಮುಖಕ್ಕೆ ಯಾಕೆ ಹಚ್ಚಲಿಲ್ಲ? ಹೆದರಿದೆಯೋ, ಬಣ್ಣದ ಪೆನ್ಸಿಲ್ ಮುಗಿಯಿತೋ, ಯಾರಾದರೂ ನಕ್ಕರೋ, ನನಗೆ ಗೊತ್ತಿಲ್ಲ, ಊಹಿಸಲೂ ಹೋಗುವುದಿಲ್ಲ. ನಿನ್ನ ಪುಟವನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ಬಣ್ಣದ ಪಟ್ಟಿಗಳಲ್ಲಿ ಬಿಳಿಚು ಬಣ್ಣಕ್ಕೆ 'ಚರ್ಮ' ಎಂದಷ್ಟೇ ಬರೆದಿರುತ್ತಿತ್ತು, ಉಳಿದವುಗಳಿಗೆ 'ಕಂದು ಚರ್ಮ', 'ಕಪ್ಪು ಚರ್ಮ' ಎಂದು. ನಾಳೆ ಹೋಗುವ ಪಟ್ಟಿಯಲ್ಲಿ ನಿನ್ನ ಏಳನೆಯ ಚೌಕದ ಎದುರು ನಾನು 'ಚರ್ಮ' ಎಂದಷ್ಟೇ ಬರೆದಿದ್ದೇನೆ.

ನಿನ್ನ ಒಪ್ಪಿಗೆ ಬೇಕು. ಇಷ್ಟವಿಲ್ಲದಿದ್ದರೆ ಆ ಚೌಕಕ್ಕೂ ಕಾಟು ಹಾಕಿಬಿಡು. ನಾವು ಕೆಲಸ ನಿಲ್ಲಿಸುತ್ತೇವೆ. ನಾಳೆ ಕಳಿಸುವ ಮೊದಲು, ಬೆಳಗಿನ ಬೆಳಕಿನಲ್ಲಿ, ಪುಟ ತಿರುಗಿಸಿ ಇನ್ನೊಮ್ಮೆ ನೋಡುತ್ತೇನೆ.

ನಿನ್ನ
ಸೆವೆರಿನಾ